ವೇದಿಕೆಯ ಮೇಲಿನ ಮೆಂತ್ಯ

ನಮ್ಮೂರಿನಲ್ಲಿ ವೇದಿಕೆಯ ಮೇಲೆ ಕುಣಿಯುವವರ ಫೋಟೊ ತೆಗೆದರೆ ಸೀರೆ ಬರುತ್ತದೆ, ಸೊಂಟದ ಡಾಬು ಬರುತ್ತದೆ, ಜಡೆಗೆ ಮುಡಿದ ಕನಕಾಂಬರವೂ ಬರುತ್ತದೆ. ಮನುಷ್ಯರು ಬರುವುದು ಅಪರೂಪ. ನಲವತ್ತು ವರ್ಷ ಈ ಊರಿನ ನೃತ್ಯ, ನಾಟಕಗಳ ಫೋಟೊ ತೆಗೆದು ಹೊಟ್ಟೆ ಹೊರೆದ ವಾಮನಾಚಾರಿ ಎಂಬ ನಾನು ಹೇಳುತ್ತಿದ್ದೇನೆ, ಆದ್ದರಿಂದ ನಂಬಬಹುದು. ಬೀದಿಯಲ್ಲಿ ತೆಗೆದರೆ, ಮದುವೆಮನೆಯಲ್ಲಿ ತೆಗೆದರೆ ಎಲ್ಲರೂ ಕಣ್ಣು ಮೂಗು ಸಮೇತ ಬರುತ್ತಾರೆ. ವೇದಿಕೆ ಹತ್ತಿದರೆ ಮಾತ್ರ ಕಥೆ ಬೇರೆ. ಅಲ್ಲಿ ಯಾರು ಎಷ್ಟು ಇದ್ದಾರೋ ಅಷ್ಟೇ ಬರುತ್ತಾರೆ. ಕೆಲವರ ಒಂದು ಕೈ ಬಂದದ್ದುಂಟು, ಕೆಲವರ ಒಂದು ಹುಬ್ಬು. ಹೆಚ್ಚಿನವರ ಫೋಟೊದಲ್ಲಿ ಒಳಗೆ ಯಾರೂ ಇಲ್ಲದ ಸೀರೆಯೊಂದು ಅರೆಮಂಡಿಯಲ್ಲಿ ನಿಂತಿರುತ್ತದೆ.

ಇದಕ್ಕಾಗಿ ಊರು ಎದೆ ಬಡಿದುಕೊಂಡು ಅತ್ತಿತೆಂದು ತಿಳಿಯಬೇಡಿ. ನಮ್ಮ ಜನ ಅಳುವವರಲ್ಲ, ಹೊಂದಿಕೊಳ್ಳುವವರು. ಮಗಳ ರಂಗಪ್ರವೇಶದ ಫೋಟೊ ಕೈಗೆ ಬಂದಾಗ ತಾಯಂದಿರು ಅದನ್ನು ಬೆಳಕಿಗೆ ಹಿಡಿದು, “ಅಂಚು ಎಷ್ಟ್ ಚೆನ್ನಾಗ್ ಬಂದಿದೆ ನೋಡಿ, ಮುಟ್ಟೋಣ ಅನ್ಸತ್ತೆ” ಎನ್ನುತ್ತಾರೆ. ತಂದೆಯಂದಿರು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುತ್ತಾರೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಆ ಖಾಲಿ ಸೀರೆಯನ್ನು ನೋಡಿ, ಹುಡುಗಿ ಲಕ್ಷಣವಾಗಿದ್ದಾಳೆ ಎಂದು ತಲೆದೂಗುತ್ತಾರೆ. ನಮ್ಮೂರಿನಲ್ಲಿ ಹದಿಮೂರು ನೃತ್ಯಶಾಲೆಗಳಿವೆ. ಹದಿಮೂರರಲ್ಲೂ ಮೊದಲ ವರ್ಷ ಕಲಿಸುವುದು ನೆರಿಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಹಾಗೆ ಮಂಡಿ ಬಗ್ಗಿಸುವುದನ್ನು, ಏಕೆಂದರೆ ಕೊನೆಗೆ ಉಳಿಯುವುದು ಅದೊಂದೇ ಎಂದು ಎಲ್ಲರಿಗೂ ಗೊತ್ತು. ಉದ್ಘಾಟನೆಯ ಫೋಟೊಗಳಲ್ಲಿ ಜುಬ್ಬಾದ ತೋಳೊಂದು ದೀಪ ಹಚ್ಚುತ್ತಿರುತ್ತದೆ. ಮುಖ್ಯ ಅತಿಥಿಗಳ ಜಾಗದಲ್ಲಿ ಮೈಕಿನ ಮುಂದೆ ಒಂದು ಗಂಧದ ಹಾರ, ಅದರ ಮೇಲೆ ಒಂದು ಕನ್ನಡಕ. ಇಪ್ಪತ್ತು ವರ್ಷ ಬಿಡದೆ ಮುಖ್ಯ ಅತಿಥಿಯಾಗಿದ್ದ ಒಬ್ಬ ಮಹನೀಯರನ್ನು ನಾವು ಕನ್ನಡಕದಿಂದಲೇ ಗುರುತು ಹಿಡಿಯುತ್ತಿದ್ದೆವು. ಅವರು ಕಟ್ಟು ಬದಲಾಯಿಸಿದ ವರ್ಷ ಪತ್ರಿಕೆಯವರು ಬೇರೆ ಯಾರದೋ ಹೆಸರು ಹಾಕಿಬಿಟ್ಟಿದ್ದರು.

ಊರಿನ ಕಲಾವಿಮರ್ಶಕ ಅನಂತಶಯನನ ವಿಷಯ ಹೇಳಲೇಬೇಕು. ಅವನು ನೃತ್ಯವನ್ನು ನೋಡಿದ್ದನ್ನು ನಾನು ಕಂಡಿಲ್ಲ. ಕಾರ್ಯಕ್ರಮದ ಹೊತ್ತಿಗೆ ಹೊರಗೆ ಕಾಫಿ ಕುಡಿಯುತ್ತಿದ್ದು, ಮರುದಿನ ಸ್ಟುಡಿಯೊಗೆ ಬಂದು ಫೋಟೊ ನೋಡಿ, ವಾರಪತ್ರಿಕೆಗೆ ಒಂದು ಪುಟ ಬರೆಯುತ್ತಿದ್ದ. “ನಿನ್ನೆಯ ಪ್ರಸ್ತುತಿಯಲ್ಲಿ ಹಸಿರು ಒಡಲಿನ ಸೀರೆ ರಸಿಕರ ಮನ ಸೂರೆಗೊಂಡಿತು. ಸೆರಗಿನ ನಿರ್ವಹಣೆ ಅಮೋಘ.” ಹೀಗೆ. ನರ್ತಕಿಯ ಹೆಸರು ಕೊನೆಯ ಸಾಲಿನಲ್ಲಿ, ಜಾಗವಿದ್ದರೆ. ಆ ಪುಟವನ್ನು ಕತ್ತರಿಸಿಟ್ಟುಕೊಳ್ಳದ ಮನೆ ಇರಲಿಲ್ಲ. ಮುಂದೆ ಅವನೇ ಕಲಾಸಂಘದ ಅಧ್ಯಕ್ಷನಾದ, ಆಗದೆ ಇರುತ್ತಾನೆಯೇ.

ನನಗೆ ಈ ಕಸುಬು ಕಲಿಸಿದವರು ಚನ್ನಿಗಪ್ಪನವರು. ರಂಗಮಂದಿರದ ಎದುರಿಗೇ ಅವರ ಸ್ಟುಡಿಯೊ. ಅವರ ಅಂಗಡಿಯ ಗಾಜಿನ ಹಿಂದೆ ಮಾತ್ರ ಮನುಷ್ಯರಿದ್ದ ಫೋಟೊಗಳು ಇರುತ್ತಿದ್ದವು: ಒಬ್ಬ ಕೀಚಕನ ಪೂರ್ತಿ ಮುಖ, ಒಬ್ಬ ರಾಧೆಯ ಎರಡು ಕಣ್ಣು ಮತ್ತು ಗಲ್ಲ. ಊರೆಲ್ಲ ಅಲ್ಲಿ ನಿಂತು, ಚನ್ನಿಗಪ್ಪನವರ ಕೈಯಲ್ಲಿ ದೈವವಿದೆ ಎಂದು ಕೈಮುಗಿದು ಹೋಗುತ್ತಿತ್ತು. ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಮೂರು. ಒಂದು ವರ್ಷ ನನ್ನಿಂದ ಟ್ರೇ ತೊಳೆಸಿ, ಕೊನೆಗೆ ಒಂದು ದಿನ ಕದ ಹಾಕಿಕೊಂಡು ಅಲಮಾರಿನಿಂದ ಒಂದು ಸಣ್ಣ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ನಾನು ಯಾವುದೋ ರಾಸಾಯನಿಕ ಪುಡಿ ಇರಬೇಕೆಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಇದ್ದದ್ದು ಮೆಂತ್ಯ. ದೋಸೆ ಹಿಟ್ಟಿಗೆ ಹಾಕುವ ಮೆಂತ್ಯ.

“ಬಣ್ಣ ನೋಡ್ದಾ? ವೇದಿಕೆ ಹಲಗೆ ಬಣ್ಣವೇ,” ಎಂದರು ಚನ್ನಿಗಪ್ಪನವರು. “ಚೆಲ್ಲಿದ್ರೆ ಯಾವನಿಗೂ ಕಾಣಲ್ಲ. ಕಲ್ಲಿಗಿಂತ ಗಟ್ಟಿ. ಕುಣಿಯೋಳು ಧಿಂ ಅಂತ ಕಾಲು ಅಪ್ಪಳಿಸ್ತಾಳೆ ನೋಡು, ಹಿಮ್ಮಡಿಗೆ ಚುಚ್ಚತ್ತೆ. ಆ ಒಂದು ಕ್ಷಣ ಇದ್ಯಲ್ಲ, ಅವಳು ಅಲ್ಲಿರ್ತಾಳೆ. ಅಮ್ಮಾ ಅನ್ನೋದನ್ನ ನುಂಗ್ಕೊಂಡು ನಗ್ತಾಳೆ. ಆಗ ಒತ್ತು.”

“ಅಂದ್ರೆ ಆ ರಾಧೆ…”

“ಎಡಗಾಲಿನ ಹೆಬ್ಬೆಟ್ಟು.”

“ಕೀಚಕ? ಅವನು ಜೋಡು ಹಾಕ್ಕೊಂಡಿದ್ದಾನಲ್ಲ ಸಾರ್?”

“ನಾಟಕದೋರಿಗೆ ಬೇರೆ ಮದ್ದು. ಪರದೆ ಪಕ್ಕದಿಂದ ‘ಅಯ್ಯಾ, ಮೀಸೆ ಕಳಚ್ತಾ ಇದೆ’ ಅನ್ನು, ಸಾಕು. ಭೀಮನ್ನ ಕಂಡು ಹೆದರಿದ್ದಾನೆ ಅಂತ ಬರೆದ ನಿಮ್ಮ ಅನಂತಶಯನ. ಭೀಮ ಎಲ್ಲಿದ್ದ? ಇವನು ಮೀಸೆ ಗಮ್ ಚಿಂತೇಲಿದ್ದ.” ಚನ್ನಿಗಪ್ಪನವರು ಡಬ್ಬಿಯ ಮುಚ್ಚಳ ಹಾಕಿದರು. “ಕೇಳ್ಕೋ ವಾಮನ. ವೇದಿಕೆ ಮೇಲೆ ಯಾರೂ ತಾನಾಗೇ ಬರಲ್ಲ. ನಾವು ಕರ್ಕೊಂಡ್ ಬರ್ಬೇಕು.”

ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಕಲೆ ಎಂದರೆ ಏನೋ ಎಂದು ಬಾಯಿಬಿಟ್ಟುಕೊಂಡು ಬಂದಿದ್ದ ನಾನು ಅಂದಿನಿಂದ ಬಾಯಿ ಮುಚ್ಚಿಕೊಂಡೆ, ಮೂಗು ಮುರಿಯುವುದನ್ನು ಕಲಿತೆ.

ಮೊದಲ ಬಾರಿಗೆ ನಾನೊಬ್ಬನೇ ಹೋದದ್ದು ಅಂಬುಜಾಕ್ಷಿಯ ಕಾರ್ಯಕ್ರಮಕ್ಕೆ. ಟೈಪಿಂಗ್ ಶಾಲೆ ನಡೆಸುತ್ತಿದ್ದ ಕೃಷ್ಣಾಚಾರಿಯವರ ಮಗಳು; ಇಪ್ಪತ್ತು ವರ್ಷ ಇರಬಹುದು. ದೊಡ್ಡ ಮನೆಯವರಲ್ಲವಾದ್ದರಿಂದ ಚನ್ನಿಗಪ್ಪನವರು ತಾವು ಹೋಗದೆ ನನ್ನನ್ನು ಕಳಿಸಿದರು. ಮಧ್ಯಾಹ್ನವೇ ಹೋಗಿ, ಪರದೆ ಇಳಿಸಿದ್ದಾಗ, ವೇದಿಕೆಯ ಮುಂಭಾಗದ ಎಡಕ್ಕೆ ಮೂರು ಬೆರಳಲ್ಲಿ ಚಿಟಿಕೆ ಚಿಟಿಕೆಯಾಗಿ ಮೆಂತ್ಯ ಚೆಲ್ಲಿ ಬಂದೆ. ರಂಗೋಲಿ ಬಿಡುವವರಂತೆ ಚೆಲ್ಲಬೇಕು, ಒಂದೇ ಕಡೆ ಗುಡ್ಡೆಯಾಗಬಾರದು ಎಂದು ಹೇಳಿಕೊಟ್ಟಿದ್ದರು. ಆಮೇಲೆ ಕ್ಯಾಮೆರಾ ಹೊಂದಿಸಿಕೊಂಡು ಸಭಾಂಗಣದಲ್ಲಿ ಕಾದೆ.

ಅವಳು ಆ ದಿನ ಮಾಡಿದ್ದು ಸಂಜೆಗತ್ತಲಲ್ಲಿ ಕರು ಹುಡುಕುವ ಗೊಲ್ಲತಿಯ ಪ್ರಸಂಗ. ಕರುವಿನ ಹೆಸರು ಹಿಡಿದು ಕೂಗುತ್ತಾಳೆ, ಪೊದೆ ಸರಿಸುತ್ತಾಳೆ, ಗಂಟೆಯ ಸದ್ದು ಕೇಳಿದಂತಾಗಿ ನಿಲ್ಲುತ್ತಾಳೆ. ಅದು ಬೇರೆಯವರ ಕರು, ಸಿಗದೆ ಮನೆಗೆ ಹೋಗುವಂತಿಲ್ಲ. ಅವಳು ಎಡಕ್ಕೆ ಬಂದು ನಿಂತಾಗ ನಾನು ಒತ್ತಿದೆ. ಮರುದಿನ ಕೆಂಪು ದೀಪದ ಕೆಳಗೆ ಟ್ರೇಯಲ್ಲಿ ಕಾಗದ ಅಲ್ಲಾಡಿಸುತ್ತಿದ್ದಾಗ ಮೊದಲು ಸೀರೆ ಬಂತು. ಆಮೇಲೆ ಪಾದ ಬಂತು, ಹತ್ತೂ ಬೆರಳು. ಕೈ ಬಂತು, ಕೊರಳು ಬಂತು, ಕಿವಿಯ ಹಿಂದಿನ ಕೂದಲೆಳೆ ಬಂತು, ಮೇಲ್ದುಟಿಯ ಬೆವರು ಬಂತು. ಕಣ್ಣು ಬಂದಾಗ ಅದರ ತುಂಬ ನೀರಿತ್ತು. ಚನ್ನಿಗಪ್ಪನವರು ಕಾಗದವನ್ನು ದೀಪದ ಹತ್ತಿರ ಹಿಡಿದು ಮತ್ತೆ ಮತ್ತೆ ನೋಡಿದರು. ಅವರ ಇಡೀ ಜೀವಮಾನದಲ್ಲಿ ಯಾರೂ ಹಾಗೆ ಅಡಿಯಿಂದ ಮುಡಿಯವರೆಗೆ ಬಂದಿರಲಿಲ್ಲ. “ಎಷ್ಟು ಚೆಲ್ಲಿದ್ಯೋ?” ಎಂದರು. “ಎರಡು ಹಿಡಿ” ಎಂದು ಬಡಾಯಿ ಕೊಚ್ಚಿದೆ.

ಆ ಒಂದು ಫೋಟೊದಿಂದ ನಾನು ವಾಮನಾಚಾರಿಯವರಾದೆ. ಗಾಜಿನ ಮುಂದೆ ಜನ ಸಾಲು ನಿಂತರು. ಹೊರಗೆ ಊಟದ ಡಬ್ಬಿ ತಂದುಕೊಂಡು ಕೂತು ನೋಡಿದವರಿದ್ದಾರೆ. ಅನಂತಶಯನ ಎರಡು ವಾರ ಬರೆದ. ಸೀರೆಯ ಬಗ್ಗೆ ಏನೂ ಬರೆಯಲಾಗದೆ ಒದ್ದಾಡಿ, ಕೊನೆಗೆ ಛಾಯಾಗ್ರಾಹಕನನ್ನು ಹೊಗಳಿ ಅಟ್ಟಕ್ಕೇರಿಸಿದ. ನಾನು ದಿನಾ ಅಂಗಡಿ ತೆಗೆಯುವಾಗ, ಮುಚ್ಚುವಾಗ ಆ ಮುಖ ನೋಡುತ್ತಿದ್ದೆ. ಎಂಟು ತಿಂಗಳಾದ ಮೇಲೆ ಕೃಷ್ಣಾಚಾರಿಯವರ ಮನೆಗೆ ಹೋಗಿ ಮಗಳನ್ನು ಕೇಳಿದೆ. ಅವಳು ಒಪ್ಪಿದಳು. ನನಗೆ ಅವಳ ಮೇಲೆ ನಿಜವಾಗಿ ಪ್ರೀತಿಯಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಪ್ರೀತಿಯ ಒಂದು ಮೂಲೆಯಲ್ಲಿ, ಪಾಪ, ಕಾಲು ಚುಚ್ಚಿದ್ದಕ್ಕೆ ಕಣ್ಣೀರು ಬಂದ ಹುಡುಗಿ ಎಂಬ ಸಸಾರವೂ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮದುವೆಯಾದ ವರ್ಷ ಅವಳು ಕೇಳಿದಳು: “ರೀ, ದಸರಾಕ್ಕೆ ರಂಗಮಂದಿರದಲ್ಲಿ ಮಾಡ್ಲಾ? ನೀವೇ ಫೋಟೊ ತೆಗೀರಿ.”

ಕಟ್ಟಿಕೊಂಡ ಹೆಂಡತಿಯ ಕಾಲಡಿಗೆ ಮೆಂತ್ಯ ಚೆಲ್ಲಲು ಮನಸ್ಸಿಲ್ಲ. ಚೆಲ್ಲದೆ ತೆಗೆದರೆ ಖಾಲಿ ಸೀರೆ ಬರುತ್ತದೆ. ಊರೆಲ್ಲ ಕೈಮುಗಿದ ಮುಖ ಸುಳ್ಳಾಗುತ್ತದೆ, ಜೊತೆಗೆ ನನ್ನ ಹೆಸರೂ. ನಾನು ಬಹಳ ಬುದ್ಧಿವಂತನಂತೆ ಹೇಳಿದೆ: “ಅಂಥ ಫೋಟೊ ಜನ್ಮಕ್ಕೊಂದೇ ಅಂಬುಜಾ. ಇನ್ನೊಂದು ತೆಗೆದು ಯಾಕೆ ಹಾಳು ಮಾಡ್ಕೋತೀಯ? ಈ ಹೆಸರೇ ಸಾಕು ನಿಂಗೆ.”

ಅವಳು ನನ್ನ ಮುಖವನ್ನೇ ನೋಡಿದಳು. ಎರಡು ವರ್ಷ ಬಿಟ್ಟು ಮತ್ತೆ ಕೇಳಿದಳು, ಅದೇ ಉತ್ತರ ಕೊಟ್ಟೆ. ಮಗಳು ಹುಟ್ಟಿ ಶಾಲೆಗೆ ಸೇರಿದ ಮೇಲೆ ಮೂರನೆಯ ಸಲ ಕೇಳಿದಳು. ಆಗ ನಾನು ಸ್ವಲ್ಪ ಸಿಡುಕಿ, “ಬೇಡ ಅಂದ್ನಲ್ಲ” ಎಂದೆ. ಅವಳು ಗೆಜ್ಜೆಯನ್ನು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು. ಆಮೇಲೆ ಆ ಮಾತು ಎತ್ತಲಿಲ್ಲ. ನನಗೆ ನಿರಾಳವಾಯಿತು.

ಇತ್ತ ನನ್ನ ಕಸುಬು ಮೇಲೇರುತ್ತಲೇ ಹೋಯಿತು. ಚನ್ನಿಗಪ್ಪನವರು ತೀರಿಕೊಂಡ ಮೇಲೆ ಸ್ಟುಡಿಯೊ ನನ್ನದಾಯಿತು, ಡಬ್ಬಿಯೂ ನನ್ನದಾಯಿತು. ನಾನು ಅವರಿಗಿಂತ ಜಾಣ. ಯಾವ ಶಾಲೆಯವರು ಎಲ್ಲಿ ನಿಲ್ಲುತ್ತಾರೆ, ಯಾರ ಹಿಮ್ಮಡಿ ಗಟ್ಟಿ, ಯಾರದು ಮೆದು, ಯಾರಿಗೆ ಅರ್ಧ ಒಡೆದ ಕಾಳು ಬೇಕು ಎಲ್ಲ ನನಗೆ ಬಾಯಿಪಾಠವಾಗಿತ್ತು. ವಿರಹದಲ್ಲಿ ಬೆಂದ ನಾಯಿಕೆ ಎಂದು ಕ್ಯಾಲೆಂಡರಿನಲ್ಲಿ ಅಚ್ಚಾಗಿ ಮನೆಮನೆಯ ಗೋಡೆ ಏರಿದ ಮುಖ ಇದೆಯಲ್ಲ, ಆಕೆಯ ಬಲಗಾಲಿನ ಕಿರುಬೆರಳ ಸಂದಿಯಲ್ಲಿ ಮೂರು ಕಾಳು ಸಿಕ್ಕಿಕೊಂಡಿದ್ದವು. ಶಿವತಾಂಡವದ ರೌದ್ರಕ್ಕೆ ಪ್ರಶಸ್ತಿ ಪಡೆದವನು ಆ ಕ್ಷಣದಲ್ಲಿ ನನ್ನ ತಾಯಿಯನ್ನೇ ಬೈಯುತ್ತಿದ್ದಿರಬೇಕು. ಮರುದಿನ ಎಲ್ಲರೂ ಕುಂಟುತ್ತ ಬಂದು, ಫೋಟೊದಲ್ಲಿ ತಮ್ಮ ಅರ್ಧ ಮುಖ ಕಂಡು, ನನ್ನ ಕಾಲಿಗೆ ಬೀಳುತ್ತಿದ್ದರು. ಕುಂಟುವುದೇ ಶುಭವೆಂಬ ನಂಬಿಕೆಯೂ ಊರಿನಲ್ಲಿ ಬೆಳೆಯಿತು. ಚೆನ್ನಾಗಿ ಕುಣಿದವರು ಮರುದಿನ ಕುಂಟಬೇಕು. ಕೆಲವರು ಸುಮ್ಮಸುಮ್ಮನೆ ಕುಂಟಿದರು. ಹಲಗೆಯ ಮೇಲೆ ಏನಿದೆ ಎಂದು ನಲವತ್ತು ವರ್ಷದಲ್ಲಿ ಒಬ್ಬರೂ ಬಗ್ಗಿ ನೋಡಲಿಲ್ಲ. ನಾನು ಅವರನ್ನೆಲ್ಲ ಮನಸ್ಸಿನಲ್ಲೇ ಉಗಿಯುತ್ತ, ಹೊರಗೆ ಬೆನ್ನು ತಟ್ಟುತ್ತ, ಸುಖವಾಗಿದ್ದೆ. ಬೇರೆಯವರನ್ನು ತಿರಸ್ಕರಿಸುವುದರಲ್ಲಿ ಎಂಥ ನೆಮ್ಮದಿಯಿದೆ ಎಂದು ಅನುಭವಿಸಿದವರಿಗೇ ಗೊತ್ತು.

ಹೋದ ಮಾಘದಲ್ಲಿ ಅನಂತಶಯನ ಮನೆಗೇ ಬಂದ. ಹಲ್ಲು ಕಟ್ಟಿಸಿಕೊಂಡಿದ್ದ, ಮಾತಿನ ಜೊತೆ ಅದೂ ಕಟಕಟ ಎನ್ನುತ್ತಿತ್ತು. “ವಾಮನಾಚಾರ್ರೇ, ಕಲಾಸಂಘದಿಂದ ನಿಮಗೆ ಸನ್ಮಾನ. ಪೇಟ, ಶಾಲು, ಫಲತಾಂಬೂಲ. ನಲವತ್ತು ವರ್ಷದ ಫೋಟೊಗಳ ಪ್ರದರ್ಶನ ಬೇರೆ. ಮೊದಲು ಒಂದು ನೃತ್ಯ ಇರ್ಲಿ ಅಂತ.” ಅಡುಗೆಮನೆಯ ಕಡೆ ತಿರುಗಿ ದನಿ ಏರಿಸಿದ. “ಅಂಬುಜಾಕ್ಷಮ್ಮನವರೇ, ಅದೇ ಕರುವಿನ ಪ್ರಸಂಗ ನೀವು ಮಾಡ್ಬೇಕು. ಹಳೇ ಫೋಟೊ ಪಕ್ಕದಲ್ಲಿ ಹೊಸದನ್ನ ಇಡೋಣ. ಊರು ನೋಡ್ಲಿ.”

“ಅವಳಿಗೆ ಮಂಡಿನೋವು” ಎಂದೆ ನಾನು.

“ಮಾಡ್ತೀನಿ” ಎಂದಳು ಅಂಬುಜಾಕ್ಷಿ, ಕಾಫಿ ಲೋಟ ಹಿಡಿದು ಹೊರಗೆ ಬರುತ್ತ.

ಅನಂತಶಯನ ಹೋದ ಮೇಲೆ ನಾನು ಅವಳಿಗೆ ನಾನಾ ಥರ ಹೇಳಿ ನೋಡಿದೆ. ಅರವತ್ತಕ್ಕೆ ಬಂತು ವಯಸ್ಸು, ಜನ ಏನಂದಾರು, ಮೊಮ್ಮಗಳಿಗೆ ಪರೀಕ್ಷೆ. ಅವಳು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿಕೊಡಿ ಎಂದಷ್ಟೇ ಹೇಳಿದಳು. ನನ್ನ ನಿದ್ದೆ ಹಾರಿಹೋಯಿತು. ಸನ್ಮಾನ ಹಾಳಾಗಿ ಹೋಗಲಿ. ಹಳೆಯ ಫೋಟೊದ ಪಕ್ಕದಲ್ಲಿ ಒಂದು ಖಾಲಿ ಸೀರೆ ತೂಗಿಹಾಕಿದರೆ ಇವಳ ಗತಿಯೇನು? ಅವಳ ಪಾಲಿಗೆ ಇದ್ದದ್ದೇ ಆ ಒಂದು ಫೋಟೊ. ಅವಳು ಎಂದಾದರೂ ನಿಜವಾಗಿ ಕುಣಿದಿದ್ದಳು ಎನ್ನುವುದಕ್ಕೆ ಬೇರೆ ಸಾಕ್ಷಿಯಿರಲಿಲ್ಲ. ನಾನು ಗಟ್ಟಿ ಮನಸ್ಸು ಮಾಡಿದೆ. ಮದುವೆಯಾದ ವರ್ಷ ಕೈ ಬರದ ಕೆಲಸವನ್ನು ಈಗ ಮಾಡಬೇಕು. ಚುಚ್ಚಿದರೆ ಚುಚ್ಚಲಿ, ಮಾನ ಉಳಿಯಲಿ.

ಕಾರ್ಯಕ್ರಮ ಸಂಜೆ ಐದಕ್ಕೆ. ನಾನು ಮಧ್ಯಾಹ್ನ ಎರಡು ಗಂಟೆಗೇ ರಂಗಮಂದಿರಕ್ಕೆ ಹೋದೆ. ಪರದೆ ಇಳಿದಿತ್ತು, ಯಾರೂ ಇರಲಿಲ್ಲ. ವೇದಿಕೆಯ ಎಡಭಾಗದಲ್ಲಿ ಮಂಡಿಯೂರಿ, ಜೇಬಿನಿಂದ ತೆಗೆದು ಚೆಲ್ಲತೊಡಗಿದೆ. ವಯಸ್ಸಾದ ಹಿಮ್ಮಡಿಯೆಂದು ಒಡೆದ ಕಾಳನ್ನೇ ಆರಿಸಿ ತಂದಿದ್ದೆ. ಕೊನೆಯ ಚಿಟಿಕೆ ಚೆಲ್ಲುತ್ತಿದ್ದಾಗ ಹಿಂದೆ ಸರಸರ ಸದ್ದಾಯಿತು. ತಿರುಗಿದರೆ ಅಂಬುಜಾಕ್ಷಿ. ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡಿದ್ದಾಳೆ, ಕೈಯಲ್ಲಿ ನಮ್ಮ ಮನೆಯದೇ ತೆಂಗಿನ ಪೊರಕೆ.

ನಾನು ಎದ್ದು ನಿಲ್ಲುವಷ್ಟರಲ್ಲಿ ಅವಳು ಗುಡಿಸಲು ಶುರು ಮಾಡಿಬಿಟ್ಟಿದ್ದಳು. ನಡುಮನೆ ಗುಡಿಸುವ ಹಾಗೆ ನಿಧಾನವಾಗಿ, ಮೂಲೆ ಬಿಡದೆ.

“ಅಂಬುಜಾ, ಅದು…”

“ಗೊತ್ತು. ಕಾಲು ತೆಗೀರಿ.”

ಕಾಲು ತೆಗೆದೆ. ಅವಳು ಕಾಳನ್ನೆಲ್ಲ ಒಂದು ಕಡೆ ತಂದು, ಕಾಗದದ ಚೂರಿಗೆ ತುಂಬಿದಳು. “ಆವತ್ತೂ ಗುಡಿಸಿದ್ದೆ. ಆವತ್ತು ಪೊರಕೆ ಇರ್ಲಿಲ್ಲ, ಸೆರಗಲ್ಲಿ ಗುಡಿಸಿದ್ದೆ.”

“ಯಾವತ್ತು?”

“ಮೊದಲನೇ ಸಲ. ಪರದೆ ಏಳೋಕೆ ಮುಂಚೆ ನೆಲ ಮುಟ್ಟಿ ನಮಸ್ಕಾರ ಮಾಡೋಕೆ ಬಂದ್ನಾ, ಅಂಗೈಗೆ ಚುಚ್ಚಿತು. ಯಾರೋ ಅಡುಗೆ ಸಾಮಾನು ತಂದೋರು ಚೆಲ್ಲಿದ್ದಾರೆ ಅಂದ್ಕೊಂಡೆ. ಒಂದು ಕಾಳೂ ಬಿಡದ ಹಾಗೆ ಆ ಮೂಲೆಗೆ ತಳ್ಳಿ, ಆಮೇಲೆ ಕುಣಿದೆ.”

ನಾನು ಅಲ್ಲೇ ಹಲಗೆಯ ಮೇಲೆ ಕೂತುಬಿಟ್ಟೆ. ನೆಲ ಮುಟ್ಟಿ ನಮಸ್ಕಾರ. ನಲವತ್ತು ವರ್ಷ ಕ್ಯಾಮೆರಾದ ಕಿಂಡಿಯಿಂದ ಅದನ್ನು ನೋಡಿದ್ದೇನೆ. ಪ್ರತಿಯೊಬ್ಬರೂ ಬಗ್ಗುತ್ತಾರೆ, ಕೈ ಇಳಿಸುತ್ತಾರೆ, ಬೆರಳ ತುದಿಯ ಕೆಂಪು ಬಣ್ಣ ಅಳಿಸೀತೆಂದು ನೆಲದಿಂದ ಎರಡಂಗುಲ ಮೇಲೆಯೇ ನಿಲ್ಲಿಸಿ, ಗಾಳಿಯನ್ನು ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಾರೆ. ಅವರಲ್ಲಿ ಒಬ್ಬರು ಒಂದು ದಿನ ನೆಲ ಮುಟ್ಟಿದ್ದರೆ ನನ್ನ ಡಬ್ಬಿಯ ಗುಟ್ಟು ರಟ್ಟಾಗುತ್ತಿತ್ತು. ಮುಟ್ಟಿದ್ದವಳು ಒಬ್ಬಳೇ. ಅವಳ ಕಾಲಿಗೆ ಏನೂ ಚುಚ್ಚಿರಲಿಲ್ಲ. ಆ ಕಣ್ಣೀರು ಸಿಗದ ಕರುವಿನದು.

“ನಾನೇ ಚೆಲ್ಲಿದ್ದು ಅಂತ ಯಾವಾಗ ಗೊತ್ತಾಯ್ತು ನಿಂಗೆ?” ಕೂತಲ್ಲಿಂದಲೇ ಕೇಳಿದೆ.

“ಮದುವೆಯಾದ ಮೇಲೆ, ಮೊದಲ ಸಲ ನಿಮ್ಮ ಶರಟು ಒಗೆದಾಗ. ಜೇಬಿನ ತುಂಬ ಮೆಂತ್ಯ.” ಅವಳು ನಕ್ಕಳು, ಆದರೆ ಅದು ತಮಾಷೆಯ ನಗೆಯಲ್ಲ. “ಇಷ್ಟು ವರ್ಷ ಮನೆಗೆ ನಾನು ಮೆಂತ್ಯ ತಂದಿದ್ದು ಕಂಡಿದ್ದೀರಾ? ನಿಮ್ಮ ಜೇಬಿಂದೇ ಸಾರಿನ ಪುಡಿಗೆ ಆಗ್ತಿತ್ತು.”

“ಹೇಳಬಾರದಿತ್ತಾ, ಮಾರಾಯ್ತಿ? ಒಂದು ಮಾತು?”

“ಹೇಳಬೇಕು ಅಂತಲೇ ಮೂರು ಸಲ ಬಂದೆ. ನೀವೇ ಫೋಟೊ ತೆಗೀರಿ ಅಂದೆ. ತೆಗೆದಿದ್ರೆ ನಿಮಗೇ ಕಾಣ್ತಿತ್ತು. ಮೂರು ಸಲವೂ ಬೇಡ ಅಂದ್ರಿ.” ಅವಳು ಕಾಗದದ ಪೊಟ್ಟಣವನ್ನು ನನ್ನ ಅಂಗೈಗೆ ಸುರಿದಳು. “ನನಗೆ ಬೇಜಾರಾಗಿದ್ದು ಮೆಂತ್ಯ ಚೆಲ್ಲಿದ್ದಕ್ಕಲ್ಲ. ಆ ಫೋಟೊನ ದಿನಾ ನೋಡ್ತಿದ್ರಲ್ಲ, ನೋಡೋದೇ ನಿಮ್ಮ ಕೆಲಸ ಅಲ್ವಾ, ಕಾಲು ನೊಂದ ಮುಖ ಯಾವುದು, ಮನಸ್ಸು ನೊಂದ ಮುಖ ಯಾವುದು ಅಂತ ಒಂದು ದಿನವೂ ನಿಮಗೆ ಕಾಣ್ಲಿಲ್ವಲ್ಲ. ಅದಕ್ಕೆ. ತಗೊಳ್ಳಿ, ನಿಮ್ಮ ಸಾಮಾನು.”

ನನಗೆ ಆಗ ನೆನಪಾದದ್ದು ನಮ್ಮ ಮನೆಯ ಹಿತ್ತಲ ಕೋಣೆಯ ನೆಲ. ಕೆಂಪು ಗಾರೆ ಒಂದು ಕಡೆ ಮಾತ್ರ, ಒಂದು ಚಾಪೆಯಗಲ, ಸವೆದು ಬೂದುಬಣ್ಣಕ್ಕೆ ತಿರುಗಿತ್ತು. ಒರಳುಕಲ್ಲು ಎಳೆದಾಡಿ ಸವೆದಿದೆಯೆಂದು ನಾನು ತಿಳಿದಿದ್ದೆ. ಒರಳುಕಲ್ಲನ್ನು ಮಾರಿ ಇಪ್ಪತ್ತೈದು ವರ್ಷವಾಗಿತ್ತು. ನಾನು ಸ್ಟುಡಿಯೊಗೆ ಹೋದ ಮೇಲೆ ಆ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

“ಒಂದು ಕೇಳ್ಲಾ?” ಎಂದಳು ಹೋಗುವ ಮುಂಚೆ. “ಇವತ್ತು ಫೋಟೊ ತೆಗೀಬೇಡಿ. ಮುಂದಿನ ಸಾಲಲ್ಲಿ ಕೂತ್ಕೊಂಡು ನೋಡಿ.”

ಐದಕ್ಕೆ ಪರದೆ ಎದ್ದಿತು. ಸಭಾಂಗಣ ಕಿಕ್ಕಿರಿದಿತ್ತು. ಅವಳು ಬಗ್ಗಿ ಎರಡೂ ಅಂಗೈಯನ್ನು ಹಲಗೆಗೆ ಒತ್ತಿದಳು, ಬೆರಳ ಬಣ್ಣ ಅಂಟಿ ಹಲಗೆಯ ಮೇಲೆ ಕೆಂಪು ಚುಕ್ಕೆಗಳುಳಿದವು. ಎದ್ದು ನಿಲ್ಲುವಾಗ ಮಂಡಿ ಲಟಕ್ಕೆಂದದ್ದು ನನಗೆ ಕೇಳಿಸಿತು. ಅರೆಮಂಡಿ ಪೂರ್ತಿ ಆಗಲಿಲ್ಲ. ಒಂದು ತಿರುಗು ತಪ್ಪಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಕರುವನ್ನು ಕರೆದಳು. ಎರಡನೆಯ ಸಲ ಕರೆದಳು. ಮೂರನೆಯ ಸಲ ಕರೆಯಲು ಕೈ ಬಾಯಿಯ ಹತ್ತಿರ ಒಯ್ದು, ಕರೆಯದೆ ಕೈ ಇಳಿಸಿದಳು. ಅಷ್ಟೇ. ನನ್ನ ಕಣ್ಣೆದುರು ಆ ಕ್ಷಣ ಇನ್ನೂ ಇದೆ. ಅದರ ಫೋಟೊ ಎಲ್ಲೂ ಇಲ್ಲ. ನಲವತ್ತು ವರ್ಷದಲ್ಲಿ ನಾನು ಪೂರ್ತಿಯಾಗಿ ನೋಡಿದ ಮೊದಲ ನೃತ್ಯ ಅದು. ನಾಚಿಕೆಯಿಂದಲೋ ದುಃಖದಿಂದಲೋ ನಾನು ಅತ್ತೆ. ಪಕ್ಕದಲ್ಲಿದ್ದ ಅನಂತಶಯನ, “ಶೀತವೇ?” ಎಂದು ಕೇಳಿದ. ಫೋಟೊ ಯಾರು ತೆಗೆಯುತ್ತಿದ್ದಾರೆಂದು ಹುಡುಕಲು ಅವನು ಎದ್ದು ಹೋದ.

ಆಮೇಲೆ ನನ್ನನ್ನು ವೇದಿಕೆಗೆ ಕರೆದರು. ಜೀವಮಾನದಲ್ಲಿ ನಾನು ಪರದೆ ಎದ್ದಿದ್ದಾಗ ಆ ಹಲಗೆ ಹತ್ತಿದ್ದು ಅದೇ ಮೊದಲು. ಕುರ್ಚಿಯಲ್ಲಿ ಕೂರಿಸಿ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟರು. ಅನಂತಶಯನ ನನ್ನ ಕೈಯಲ್ಲಿ ದೈವವಿದೆ ಎಂದು ಇಪ್ಪತ್ತು ನಿಮಿಷ ಮಾತಾಡಿದ. ನಾನು ವಿನಯದ ಮುಖ ಮಾಡಿಕೊಂಡಿದ್ದೆ; ನಿಜ ಹೇಳಬೇಕೆಂದು ಬಾಯಿವರೆಗೆ ಬಂದಿತ್ತು, ಹೇಳಲಿಲ್ಲ. ಚಪ್ಪಾಳೆ ಬಿದ್ದಾಗ ನಕ್ಕೆ. ಆ ಮಧ್ಯಾಹ್ನ ಅಂಗೈಗೆ ಬಿದ್ದ ಕಾಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಜುಬ್ಬಾದ ಜೇಬಿಗೆ ಸುರಿದುಕೊಂಡಿದ್ದೆ, ಅದರಲ್ಲಿ ಒಂದು ಚಿಟಿಕೆ ನನ್ನ ಬೆರಳುಗಳ ನಡುವೆ ಹೇಗೆ ಬಂತೋ, ಅದನ್ನೇ ಹೊಸಕುತ್ತ ಕೂತಿದ್ದೆ. ಸಭಾಂಗಣದಲ್ಲಿ ನನ್ನ ಕ್ಯಾಮೆರಾ ಹಿಡಿದು ನಿಂತಿದ್ದವಳು ಅಂಬುಜಾಕ್ಷಿ. ಗೆಜ್ಜೆಯನ್ನೂ ಬಿಚ್ಚಿರಲಿಲ್ಲ. ಒಂದೇ ಸಲ ಒತ್ತಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಸ್ಟುಡಿಯೊಗೆ ಹೋಗಿ ಕದ ಹಾಕಿಕೊಂಡೆವು. ಟ್ರೇಯಲ್ಲಿ ಕಾಗದ ಅಲ್ಲಾಡಿಸಿದೆ. ಪೇಟ ಬಂತು, ಜರಿ ಸಮೇತ. ಶಾಲು ಬಂತು. ಗಂಧದ ಹಾರ ಬಂತು, ಹಣ್ಣಿನ ಬುಟ್ಟಿ ಬಂತು, ಅದರೊಳಗಿನ ಮೋಸಂಬಿ ಬಂತು. ಪೇಟಕ್ಕೂ ಶಾಲಿಗೂ ನಡುವೆ ಕುರ್ಚಿಯ ಬೆನ್ನು ಕಾಣಿಸುತ್ತಿತ್ತು. ನಾನು ಕಾದೆ. ಎಷ್ಟೋ ಜನರ ಖಾಲಿ ಸೀರೆ ನೋಡಿ ಒಳಗೊಳಗೇ ನಕ್ಕ ಅದೇ ಟ್ರೇಯ ಮುಂದೆ, ನನ್ನ ಮೂಗಾದರೂ ಬರಲಿ ಎಂದು ಕಾದೆ. ಬರಲಿಲ್ಲ. ಕೊಟ್ಟಕೊನೆಗೆ ಶಾಲಿನ ಅಂಚಿನಿಂದಾಚೆ, ಬುಟ್ಟಿಯ ಪಕ್ಕದಲ್ಲಿ, ಮೂರು ಬೆರಳು ಬಂದವು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಚಿಟಿಕೆ ಹಿಡಿದಂತೆ ಕೂಡಿಕೊಂಡಿದ್ದವು, ನಡುವೆ ಎರಡು ಮೆಂತ್ಯದ ಕಾಳು.

ಆ ವಾರ ಅನಂತಶಯನ ಬರೆದ: “ಸನ್ಮಾನ ಸಮಾರಂಭದಲ್ಲಿ ಶಾಲಿನ ಅಂಚು ಕಣ್ಮನ ಸೆಳೆಯಿತು.” ಅಂಬುಜಾಕ್ಷಿಯ ಹೆಸರು ಇರಲಿಲ್ಲ, ಜಾಗವಿರಲಿಲ್ಲವೇನೋ.

ಅವಳು ಫೋಟೊಗೆ ಕಟ್ಟು ಹಾಕಿಸಿ, ನಡುಮನೆಯಲ್ಲಿ ತನ್ನ ಹಳೆಯ ಫೋಟೊದ ಎದುರಿಗೆ ತೂಗುಹಾಕಿದಳು. ನಾನು ಬೇಡವೆನ್ನಲಿಲ್ಲ, ಬೇಡವೆನ್ನುವ ಅಧಿಕಾರ ನನಗೆ ಮುಗಿದಿತ್ತು. ಮುಂದಿನ ಗುರುವಾರ ರಂಗಮಂದಿರದಲ್ಲಿ ಅವಳದು ಇನ್ನೊಂದು ಕಾರ್ಯಕ್ರಮ ನಿಗದಿಯಾಗಿತ್ತು. ಮೊಳೆ ಸರಿಯಾಗಿ ಕೂತಿದೆಯೇ ಎಂದು ಫೋಟೊವನ್ನು ಅಲ್ಲಾಡಿಸಿ ನೋಡಿ, ಅವಳು ಒಳಗೆ ಹೋಗಿ ತೆಂಗಿನ ಪೊರಕೆ ತಂದು ನನ್ನ ಮುಂದೆ ಹಿಡಿದಳು.

“ಪರವಾಗಿಲ್ಲ ಬಿಡ್ರಿ,” ಎಂದಳು. “ಮೂರು ಬೆರಳಾದ್ರೂ ಬಂದಿವೆ. ಇದನ್ನ ಹಿಡಿಯೋಕೆ ಅಷ್ಟು ಸಾಕು.”